ಸನ್ಮೈಕಾದ ಮೇಲೆ ಜೀಪಿನ ಹಲ್ಲು

ಪಂಕ್ಚರ್ ಹಾಕುವ ಸೊಲ್ಯೂಷನ್ನಿಗೆ ಒಂದು ವಾಸನೆಯಿದೆ. ಸ್ವಲ್ಪ ಸಿಹಿ, ಸ್ವಲ್ಪ ಸೀಮೆಎಣ್ಣೆ, ಮೂಗಿನ ತುದಿಗೆ ಚುರ್ ಎನ್ನಿಸುವಂಥದ್ದು. ಮೊನ್ನೆ ಬಾಳ್ಳುಪೇಟೆ ದಾಟಿದ ಮೇಲೆ ಸ್ಕೂಟರಿನ ಹಿಂದಿನ ಚಕ್ರದ ಗಾಳಿ ಇಳಿಯಿತು. ರಸ್ತೆ ಬದಿಯ ಅಂಗಡಿಯಾತ ಟ್ಯೂಬನ್ನು ಉಜ್ಜಿ, ಡಬ್ಬಿಯ ಮುಚ್ಚಳ ತೆಗೆದ. ವಾಸನೆ ಬಂದದ್ದೇ ತಡ, ಮುಖ ಬಿಸಿಯಾಯಿತು, ಅಲ್ಲಿಂದ ಎದ್ದು ಹೋಗಿಬಿಡೋಣ ಅನ್ನಿಸಿತು. ವಾಸನೆಗೂ ನಾಚಿಕೆಗೂ ಏನು ಸಂಬಂಧ, ಪುರಾವೆ ಕೊಡು ಎಂದರೆ ನನ್ನಲ್ಲಿ ಇಲ್ಲ. ಪುರಾವೆ ಇಲ್ಲದ ಮಾತನ್ನು ನಾನು ಸಾಮಾನ್ಯವಾಗಿ ಆಡುವವಳಲ್ಲ.

ಆಲೂರಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಮಾವನದೊಂದು ಸೈಕಲ್ ಶಾಪ್ ಇತ್ತು. ನೆಂಟರೇನಲ್ಲ, ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಸೈಕಲ್ ರಿಪೇರಿಗಿಂತ ಅವರ ಅಂಗಡಿಯಲ್ಲಿ ಹೆಚ್ಚು ನಡೆಯುತ್ತಿದ್ದದ್ದು ತೀರ್ಪು. ಮಳೆ ಯಾವಾಗ ನಿಲ್ಲುತ್ತದೆ, ಯಾವ ಡಾಕ್ಟರ ಕೈಗುಣ ಒಳ್ಳೆಯದು, ಹುಡುಗಿಗೆ ಹೆಗ್ಗದ್ದೆಯ ಸಂಬಂಧ ಆಗಬಹುದೋ ಇಲ್ಲವೋ, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಅರ್ಧದಷ್ಟು ಉತ್ತರಗಳು ತಪ್ಪಾಗಿರುತ್ತಿದ್ದವು. ಅದರಿಂದ ಅವರಿಗಾಗಲಿ ಊರಿಗಾಗಲಿ ಏನೂ ತೊಂದರೆ ಇರಲಿಲ್ಲ. ಜನ ಚಕ್ರಕ್ಕೆ ಗಾಳಿ ತುಂಬಿಸಿಕೊಳ್ಳುವ ನೆಪದಲ್ಲಿ ಬಂದು ಅವರ ಬಾಯಿಂದ ಒಂದು ಮಾತು ಕೇಳಿಕೊಂಡು ಹೋಗುತ್ತಿದ್ದರು.

ನಾನು ಹಾಸನದ ಎಂಜಿನಿಯರಿಂಗ್ ಕಾಲೇಜಿಗೆ ಓಡಾಡುತ್ತಿದ್ದ ವರ್ಷಗಳು. ಚರ್ಚಾಸ್ಪರ್ಧೆಗಳಲ್ಲಿ ಪರ-ವಿರೋಧ ಎರಡೂ ಮಾತಾಡಿ ಗೆದ್ದು, ಎದುರಿಗೆ ಸಿಕ್ಕವರ ಮಾತನ್ನೆಲ್ಲ ಬಿಚ್ಚಿ ಹಾಕುವ ಚಟ ಹತ್ತಿತ್ತು. ಮನೆಯವರು ನನ್ನ ಜೊತೆ ಮಾತು ಬೆಳೆಸುವುದನ್ನೇ ಬಿಟ್ಟಿದ್ದರು. ಮಾವ ಮಾತ್ರ ಬಿಡುತ್ತಿರಲಿಲ್ಲ.

"ಮುಂದಿನ ಬ್ರೇಕ್ ಹಿಡಿಯೋರಿಗೆ ಆಯಸ್ಸು ಕಮ್ಮಿ ಕಣವ್ವ," ಎಂದರು ಒಮ್ಮೆ.

"ಪುರಾವೆ ಕೊಡಿ ಮಾವ."

"ಪುರಾವೆ ಆಸ್ಪತ್ರೇಲಿ ಮಲ್ಗೈತೆ. ಹೋಗಿ ಮಾತಾಡುಸ್ಕೊಂಡ್ ಬಾ."

ಮನುಷ್ಯರಿಗೆ ತಮ್ಮ ಮಾತಿನ ಮೇಲೆ ಒಂದಿಷ್ಟು ಅನುಮಾನ ಇರಬೇಕು ಎಂದು ನಾನು, ಅನುಮಾನ ಇರುವವನು ಸ್ಪೋಕ್ ಬಿಗಿ ಮಾಡಲಾರ ಎಂದು ಅವರು. ಅವರಿಗೊಮ್ಮೆ ಆ ಅನುಮಾನ ಬರುವುದನ್ನು ನೋಡಬೇಕು ಎಂದು ನನಗೆ ನಿಜವಾಗಿಯೂ ಆಸೆಯಿತ್ತು.

ಆ ವರ್ಷ ಕಾಲೇಜುಗಳ ನಡುವೆ ರೋಬೋ ಸ್ಪರ್ಧೆ ಬಂತು. ಆಟ ಸರಳ: ಒಂದು ಕಟ್ಟೆಯ ಮೇಲೆ ಎರಡು ರೋಬೋಗಳು, ಒಂದು ಇನ್ನೊಂದನ್ನು ತಳ್ಳಿ ಕೆಳಗೆ ಬೀಳಿಸಬೇಕು. ನಾನು ಮತ್ತು ಬಾಳ್ಳುಪೇಟೆ ಕಡೆಯ ಒಬ್ಬ ಗೆಳತಿ ಸೇರಿ ಒಂದನ್ನು ಕಟ್ಟಿದೆವು. ಲಾರಿಯ ಹಳೆಯ ವೈಪರ್ ಮೋಟರುಗಳು ಸಿಕ್ಕವು, ಬ್ಯಾಟರಿ ಸಿಕ್ಕಿತು. ಚಕ್ರ ಸಿಗಲಿಲ್ಲ. ಆಟದ ಲಾರಿಯ ಚಕ್ರ ಭಾರಕ್ಕೆ ಸೀಳಿತು. ಬೆಂಗಳೂರಿನಿಂದ ತರಿಸಿದ್ದರ ತೂತು ನಮ್ಮ ಮೋಟರಿನ ಶಾಫ್ಟಿಗೆ ಕೂರಲಿಲ್ಲ. ಹಾಸನದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಕುರ್ಚಿಯ ಕಾಲಿನ ಗಾಲಿಗಳನ್ನು ಚೀಲದಲ್ಲಿಟ್ಟುಕೊಂಡು ಸಪ್ಪೆ ಮುಖದಲ್ಲಿ ಮಾವನ ಅಂಗಡಿ ಮುಂದೆ ಇಳಿದೆವು.

ಅವರು ಗಾಲಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಇದೇನು, ಇಲಿ ಮದ್ವೆಗೆ ಗಾಡಿ ಕಟ್ತೀರಾ?"

ಚಕ್ರ ಹಲಗೆಯದಿರಲಿ, ಅದರ ಸುತ್ತ ಸೈಕಲ್ ಟ್ಯೂಬ್ ಬಿಗಿದರೆ ಮೆತ್ತಗೆ ಅಂಟಿಕೊಂಡು ಹಿಡಿಯುತ್ತದೆ ಎಂದಳು ಗೆಳತಿ. ಮಾವ ಕೇಳಲೇ ಇಲ್ಲ. "ಮಳೆಗಾಲ್ದಲ್ಲಿ ಬಿಸಿಲೆ ಘಾಟಿ ಕಡೆ ಜೀಪು ಯಾವ್ದರ ಮೇಲೆ ಹತ್ತುತ್ತೆ ಹೇಳು ಮಾರಾಯ್ತಿ. ಟ್ಯೂಬ್ ಮೇಲಾ? ಹಲ್ಲಿನ ಮೇಲೆ! ಚಕ್ರಕ್ಕೆ ಹಲ್ಲಿರ್ಬೇಕು, ಕಚ್ಬೇಕು."

ಮರುದಿನವೇ ಅವರು ಯಾವುದೋ ಎಸ್ಟೇಟಿನ ಹಳೆಯ ಜೀಪ್ ಟೈರ್ ತಂದು ಹಾಕಿಕೊಂಡು ಕೂತಿದ್ದರು. ಚಾಕುವನ್ನು ಸೋಪಿನ ನೀರಿಗೆ ಅದ್ದಿ ಅದ್ದಿ ಟೈರಿನ ಹಲ್ಲುಗಳನ್ನು ಒಂದೊಂದಾಗಿ ಕತ್ತರಿಸಿ, ಸೊಲ್ಯೂಷನ್ ಬಳಿದು, ಹಲಗೆಯ ಚಕ್ರದ ಸುತ್ತ ಸ್ಕ್ರೂ ಹಾಕಿ ಕೂರಿಸಿದರು. ಅಂಗಡಿಗೆ ಬಂದವರಿಗೆಲ್ಲ, "ನಮ್ ಹೆಣ್ಮಕ್ಳು ಹಾಸ್ನುಕ್ಕೆ ಜೀಪು ಬುಡ್ತಾವ್ರೆ, ನೋಡ್ತಾ ಇರಿ," ಎಂದು ಸಾರಿದ್ದರು. ಅವರು ಗೆಲ್ಲುತ್ತೆ ಎಂದ ಮೇಲೆ ಬಸ್ ಸ್ಟ್ಯಾಂಡಿನ ಮಟ್ಟಿಗೆ ಅದು ಗೆದ್ದ ಹಾಗೆಯೇ.

ನಾನು ಸುಮ್ಮನೆ ಒಪ್ಪುವವಳೇ? ಪರೀಕ್ಷೆ ಮಾಡೋಣ ಎಂದೆ. ಗೆಳತಿಯ ಮನೆಯ ಕಾಫಿ ಒಣಗಿಸುವ ಕಣದಲ್ಲಿ ಮಾಡಿದೆವು. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಪಾಚಿ ಕೆರೆದು ತೊಳೆದ ಕಣ ಖಾಲಿಯಿತ್ತು. ಸ್ಪರ್ಧೆಯ ನಿಯಮದಲ್ಲಿ "ಸಮತಟ್ಟಾದ, ನುಣುಪಾದ ನೆಲ" ಎಂದಿತ್ತು. ನಮ್ಮ ಈ ದಿಣ್ಣೆಗಳ ನಡುವೆ ಸಮತಟ್ಟು ಎಂದರೆ ಕಣವೇ. ಕಾಳು ಸಿಕ್ಕಿಕೊಳ್ಳದಷ್ಟು ಗಾರೆ ಮಾಡಿದ್ದನ್ನು ನಾವು ಹುಟ್ಟಿದಾಗಿನಿಂದ ನುಣುಪು ಎಂದೇ ಕರೆಯುತ್ತಿದ್ದೆವು. ಅದರ ಮೇಲೆ ಬಿದ್ದರೆ ಮಂಡಿಯ ಚರ್ಮ ಕಿತ್ತು ಬರುತ್ತದೆ ಎಂಬುದು ನಮ್ಮಿಬ್ಬರ ಮಂಡಿಗೂ ಗೊತ್ತಿತ್ತು. ಆದರೂ...

ಟ್ಯೂಬ್ ಸುತ್ತಿದ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸವೆದು ಚಿಂದಿಯಾಯಿತು. ಹಲ್ಲಿನ ಚಕ್ರ ಹಿಂದಿನ ವರ್ಷದ ಕಾಳಿನ ಸಣ್ಣ ಮೂಟೆಯನ್ನು ಗರಗರ ತಳ್ಳಿಕೊಂಡು ಕಣದ ಆ ತುದಿಗೆ ಹೋಯಿತು. ಮಾವ ಮೀಸೆ ತಿರುವಿದರು. ಗೆಳತಿ ಮಾತ್ರ, "ಅಲ್ಲಿನ ನೆಲ ಹೇಗಿರುತ್ತೋ, ಒಂದು ಸಲ ಕೇಳೋಣ ಕಣೇ," ಎಂದಳು. ಕಣ್ಣೆದುರಿಗೆ ಫಲಿತಾಂಶ ಇರುವಾಗ ಊಹೆಗೆ ಬೆಲೆಯಿಲ್ಲ ಎಂದು ನಾನು ಒಂದು ಪುಟ್ಟ ಭಾಷಣವನ್ನೇ ಮಾಡಿದೆ. ಮಾವ ಚಪ್ಪಾಳೆ ತಟ್ಟಿದರು. ನಾವಿಬ್ಬರೂ ಒಂದೇ ಪಕ್ಷದಲ್ಲಿ ಮಾತಾಡಿದ್ದು ಅದೇ ಮೊದಲು.

ಸ್ಪರ್ಧೆಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ಹಾಸನಕ್ಕೆ ಬಂದರು. ಸಭಾಂಗಣದ ನಡುವೆ ಕಟ್ಟೆ. ಪ್ಲೈವುಡ್ಡಿನ ಮೇಲೆ ಸನ್ಮೈಕಾ ಅಂಟಿಸಿದ್ದರು, ಹೋಟೆಲಿನ ಟೇಬಲ್ಲಿನ ಹಾಗೆ ಫಳಫಳ. ನೋಡಿದ ಕೂಡಲೇ ಗೆಳತಿ ನನ್ನ ಕೈ ಹಿಡಿದಳು.

ನಮ್ಮ ರೋಬೋ ಹೊರಟಿತು. ಗಟ್ಟಿ ರಬ್ಬರಿನ ಹಲ್ಲುಗಳಿಗೆ ಕಚ್ಚಲು ಅಲ್ಲಿ ಏನೂ ಇರಲಿಲ್ಲ. ರೆಡ್ ಆಕ್ಸೈಡ್ ನೆಲದ ಮೇಲೆ ಬಿಟ್ಟ ಆಡಿನ ಮರಿಯ ಹಾಗೆ ಟಕಟಕ ಸದ್ದು ಮಾಡುತ್ತ ನಿಂತಲ್ಲೇ ಜಾರಿತು. ಎದುರಿನವರದು ಮೆತ್ತನೆಯ ರಬ್ಬರ್ ಹೊದಿಸಿದ ಬೋಳು ಚಕ್ರ. ಅದು ಬಂದು ನಮ್ಮದನ್ನು ತಟ್ಟೆ ಸರಿಸಿದಂತೆ ಸರಿಸುತ್ತ ಹೋಯಿತು. "ಒತ್ರವ್ವ! ಕೆಳಕ್ಕೆ ಒತ್ರೀ!" ಎಂದು ಮಾವ ಹಿಂದಿನ ಸಾಲಿನಿಂದ ಕೂಗುತ್ತಿದ್ದರು. ಮೈಕ್ ಹಿಡಿದವನು, "ಈ ಟ್ರ್ಯಾಕ್ಟರ್ರು ಗದ್ದೆ ಎಲ್ಲಿ ಅಂತ ಹುಡುಕ್ತಾ ಐತೆ," ಎಂದ. ಸಭೆಗೆ ಸಭೆಯೇ ನಕ್ಕಿತು. ರೋಬೋ ಕೆಳಗೆ ಬಿತ್ತು. ಒಂದು ಹಲ್ಲು ಕಿತ್ತು ಹಾರಿ ಮುಂದಿನ ಸಾಲಿನವರ ಕಾಲ ಬಳಿ ಹೋಯಿತು.

ಸೋತವರನ್ನೂ ತೀರ್ಪುಗಾರರು ಪ್ರಶ್ನೆ ಕೇಳುವ ಪದ್ಧತಿಯಿತ್ತು. ಕನ್ನಡಕದ ಪ್ರೊಫೆಸರೊಬ್ಬರು ಆ ಹಲ್ಲನ್ನು ಕೈಯಲ್ಲಿ ಹಿಡಿದು, "ಈ ಚಕ್ರ ಯಾರ ಆಯ್ಕೆ?" ಎಂದರು. ನನ್ನ ಕೈಯಲ್ಲಿ ಮೈಕ್ ಇತ್ತು. ಉತ್ತರವೂ ಇತ್ತು: ಪರೀಕ್ಷೆ ಮಾಡಿದೆವು, ನೆಲ ಬೇರೆಯಾಗಿತ್ತು, ಆ ಪರೀಕ್ಷೆಯನ್ನು ನಂಬಿ ಎಂದವಳು ನಾನು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ದನಿ ಬಂತು.

"ನಂದು ಸಾರ್! ಮಕ್ಳು ಬ್ಯಾಡ ಅಂದ್ರು. ನಾನೇ ಹಟ ಮಾಡಿ ಹಾಕ್ಸ್‌ಬುಟ್ಟೆ."

ಎಲ್ಲರೂ ತಿರುಗಿ ನೋಡಿದರು. ಬಿಳಿ ಅಂಗಿ, ಎತ್ತಿದ ಕೈ. ಮತ್ತೆ ನಗು. ಗೆಳತಿ ನನ್ನ ಮುಖ ನೋಡಿದಳು. ನಾನು ಮೈಕನ್ನು ಅದರ ಜಾಗದಲ್ಲಿಟ್ಟೆ.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಗೆಳೆಯರು, "ಏನ್ ಯಜಮಾನ್ರೇ, ಜೀಪು ಗ್ಯಾರೇಜಿಗಾ?" ಎಂದು ಕೆಣಕಿದರೂ ತಿರುಗಲಿಲ್ಲ. ಊರಿಗೆ ಮುಂಚಿನ ತಿರುವಿನಲ್ಲಿ ಬಸ್ ನಿಲ್ಲಿಸಿ ಇಳಿದರು. ಅಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಏನಾಯಿತು ಎಂದು ಕೇಳುವವರಿದ್ದರು, ಅಷ್ಟೇ. ಬಿಳಿ ಅಂಗಿ ರಸ್ತೆಯ ಅಂಚಿನಲ್ಲಿ ನಡೆದುಕೊಂಡು ಬರುತ್ತಿದ್ದದ್ದು ಹಿಂದಿನ ಗಾಜಿನಲ್ಲಿ ಸ್ವಲ್ಪ ದೂರ ಕಂಡಿತು...

ಕೆಲವು ದಿನ ಬಿಟ್ಟು ಅಂಗಡಿಗೆ ಹೋದೆ. ಅಷ್ಟರಲ್ಲಿ ನಾನು ಎಲ್ಲವನ್ನೂ ಜೋಡಿಸಿಕೊಂಡಿದ್ದೆ. ನಿಮ್ಮ ಚಕ್ರ ತಪ್ಪಲ್ಲ ಮಾವ, ಕಣಕ್ಕೆ ಅದೇ ಸರಿ, ಸನ್ಮೈಕಾಕ್ಕೆ ಟ್ಯೂಬ್ ಸರಿ. ನೆಲ ಯಾವುದೆಂದು ಕೇಳದೆ ತೀರ್ಮಾನ ಮಾಡಿದ್ದು ನಾನು. ಆ ಸಭೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಒಂದೊಂದಾಗಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ವಾದ ಮಾಡಿರಲಿಲ್ಲ. ಅವರು ಬೈಯಲಿ, ನಗಲಿ, ನೆಲವನ್ನೇ ಬಾಯಿಗೆ ಬಂದಂತೆ ಆಡಲಿ ಎಂದು ಕಾದೆ.

ಅವರು ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ತಲೆ ಎತ್ತದೆ, "ಇರ್ಬೋದು ಕಣವ್ವ," ಎಂದರು.

ಇರ್ಬೋದು. ಆ ಮಾತನ್ನು ಅವರ ಬಾಯಲ್ಲಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಷ್ಟರಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು ಬಂದು, "ಯಾವ ಟೈರ್ ಹಾಕ್ಸ್‌ಲಿ ಯಜಮಾನ್ರೇ?" ಎಂದ. ಒಂದು ತಿಂಗಳ ಹಿಂದಾಗಿದ್ದರೆ ಅವನಿಗೆ ಟೈರಿನ ಜೊತೆ ಮಗನ ಓದು, ಹೆಂಡತಿಯ ತಲೆನೋವು, ಎಲ್ಲದಕ್ಕೂ ತೀರ್ಪು ಸಿಗುತ್ತಿತ್ತು. ಮಾವ ಒದ್ದೆ ಕೈ ಒರೆಸಿಕೊಂಡು, "ನಿಂಗ್ಯಾವ್ದು ಬೇಕಪ್ಪ?" ಎಂದು ಕೇಳಿದರು. ಅವನು ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಅನುಮಾನ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂದು ನಾನು ವಾದಿಸುತ್ತಿದ್ದೆ. ಅವರ ವಿಷಯದಲ್ಲಿ ಅದು ಬರೀ ಅಂಗಡಿಯನ್ನು ಮೌನ ಮಾಡಿತು. ಗಾಳಿ ತುಂಬಿಸಿಕೊಳ್ಳಲು ಬರುವವರು ಗಾಳಿ ತುಂಬಿಸಿಕೊಂಡು ಹೋಗತೊಡಗಿದರು. ಆಮೇಲೆ ನಾನು ಓದು ಮುಗಿಸಿದೆ, ಸಕಲೇಶಪುರದಲ್ಲಿ ಪಾಠ ಹೇಳಲು ಸೇರಿದೆ. ಅವರು ತೀರಿಕೊಂಡ ಸುದ್ದಿ ಅಮ್ಮ ಹೇಳಿ ತಿಳಿಯಿತು. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರೀಚಾರ್ಜ್ ಮಾಡುತ್ತಾರೆ.

ಮೊನ್ನೆ ಬಾಳ್ಳುಪೇಟೆಯ ಆಚೆ ಆ ಪಂಕ್ಚರ್ ಅಂಗಡಿಯಾತ ಟ್ಯೂಬ್ ಎತ್ತಿ ತೋರಿಸಿ, "ಪ್ಯಾಚ್ ನಿಲ್ಲಲ್ಲ ಮೇಡಂ, ಹಳೇದಾಗ್ಬುಟ್ಟೈತೆ. ಹೊಸದು ಎರಡು ಥರ ಐತೆ, ಯಾವ್ದು ಹಾಕ್ಲಿ?" ಎಂದ.

"ನೀವೇ ಹೇಳಿ," ಎಂದೆ.

"ಯಾವ್ದಾದ್ರೂ ನಡೀತದೆ ಬುಡಿ."

"ಇಲ್ಲ, ನೀವೇ ಹೇಳ್ಬೇಕು," ಎಂದೆ. ದನಿ ಜೋರಾಗಿತ್ತೇನೋ, ಆತ ಚಕಿತನಾಗಿ ನೋಡಿದ. ಆಮೇಲೆ ಕೈಗೆ ಸಿಕ್ಕಿದ್ದನ್ನು ಹಾಕಿದ. ಅದು ಸರಿಯೋ ತಪ್ಪೋ ಎಂದು ನಾನು ಕೇಳಲಿಲ್ಲ.