ಲಗ್ನಪತ್ರಿಕೆಯಲ್ಲಿ ಇಲ್ಲದ ಫಕೀರಪ್ಪ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೈದು ವರ್ಷ ಒಣಮೆಣಸಿನಕಾಯಿ ಮಾರಿದವನ ಸಿಟ್ಟು ಹೇಗಿರಬೇಕೋ, ಫಕೀರಪ್ಪ ಹೊಸಮನಿಯ ಸಿಟ್ಟು ಹಾಗೇ ಇತ್ತು. ಮಗನ ಮದುವೆ ಗೊತ್ತಾದ ಮೇಲೆ ಹೆಂಡತಿಯ ಮಾತಿಗೆ ಕಟ್ಟುಬಿದ್ದು ಅದನ್ನು ಅದುಮಿಟ್ಟುಕೊಂಡಿದ್ದ. ಪತ್ರಿಕೆ ಮನೆಗೆ ಬರುವ ತನಕ ಅದು ಸುಮ್ಮನಿತ್ತು.

ಭಾನುವಾರ ಬೆಳಿಗ್ಗೆ ಮಗ ರೋಹಿತ ಲಗ್ನಪತ್ರಿಕೆಗಳ ಕಟ್ಟು ತಂದು ಕಾತ್ರಜದ ಫ್ಲಾಟಿನ ಟೀಪಾಯಿ ಮೇಲಿಟ್ಟ. ಫಕೀರಪ್ಪ ಕನ್ನಡಕ ಏರಿಸಿ ಓದಿದ. ಗಣಪತಿ ಇದ್ದ, ಮನೆದೇವರಿದ್ದ, ವರ್ಷಕ್ಕೊಮ್ಮೆಯೂ ಮುಖ ತೋರಿಸದ ಸೋದರಮಾವಂದಿರೂ ಸಾಲಾಗಿ ಇದ್ದರು. ವರನ ತಂದೆಯ ಜಾಗದಲ್ಲಿ ಮಾತ್ರ ಶ್ರೀ ಪ್ರಕಾಶ ಹೊಸಮನಿ ಅನ್ನುವವನೊಬ್ಬ ಬಂದು ಕೂತಿದ್ದ.

“ಇಂವ ಯಾರು?” ಎಂದ.

ರೋಹಿತ ಸಮಾಧಾನದಿಂದಲೇ ಬಿಡಿಸಿ ಹೇಳಿದ. ಬೀಗರು ಏನೂ ಅಂದಿಲ್ಲ. ಆದರೆ ಅವರ ನೆಂಟರಿದ್ದಾರೆ, ತನ್ನ ಆಫೀಸಿನವರಿದ್ದಾರೆ. ಫಕೀರ ಅಂತ ಓದಿದರೆ ಈಗಿನ ಕಾಲದಲ್ಲಿ ನೀವು ಯಾವ ಜನ ಅಂತ ಮೊದಲು ಕೇಳುತ್ತಾರೆ. ಒಂದು ದಿನದ ಮಟ್ಟಿಗೆ, ಅಷ್ಟೇ.

ಅಪ್ಪನನ್ನು ಒಂದು ದಿನದ ಮಟ್ಟಿಗೆ ಬದಲಾಯಿಸುವುದೆಂದರೆ ಏನು? ಫಕೀರಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮಗನಿಗೆ ಗೊತ್ತಿದ್ದ ಕತೆಯನ್ನೇ ಮತ್ತೆ ಹೇಳಿದ. ತನ್ನ ಅವ್ವ ಬಸವಣ್ಣೆವ್ವ ಮೂರು ಹೆತ್ತು ಮೂರನ್ನೂ ಮಣ್ಣಿಗಿಟ್ಟವಳು. ಮೂರಕ್ಕೂ ಒಳ್ಳೊಳ್ಳೆಯ ದೇವರ ಹೆಸರುಗಳೇ ಇದ್ದವು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಊರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿದಳು. ಈ ಕೂಸನ್ನು ಉಳಿಸು, ನಿನ್ನ ಫಕೀರನನ್ನಾಗಿ ಮಾಡುತ್ತೇನೆ ಎಂದು ಹರಕೆ ಹೊತ್ತಳು. ಕೂಸು ಉಳಿಯಿತು. ಮೊಹರಮ್ಮಿನ ಅಲಾಯಿ ಹಬ್ಬ ಬಂದಾಗಲೆಲ್ಲ ಅದರ ಕೊರಳಿಗೆ ಫಕೀರನ ಲಾಡಿ ದಾರ ಕಟ್ಟಿ ಐದು ಮನೆ ಭಿಕ್ಷೆ ಬೇಡಿಸಿದಳು. ನೀಡಿದವರಲ್ಲಿ ಒಬ್ಬರೂ ನೀವು ಯಾವ ಜನ ಎಂದು ಕೇಳಲಿಲ್ಲ. ಆ ಊರಲ್ಲಿ ಫಕೀರಪ್ಪ ಅಂದರೆ ಬೇಡಿ ಪಡೆದ ಮಗ ಎಂದು ದನ ಕಾಯುವವನಿಗೂ ಗೊತ್ತಿತ್ತು.

“ಆ ಹೆಸರು ಇಲ್ಲಂದ್ರ ನಾ ಇಲ್ಲ. ನಾ ಇಲ್ಲಂದ್ರ ನೀ ಎಲ್ಲಿಂದ ಬರ್ತಿದ್ದಿ?” ಎಂದ ಫಕೀರಪ್ಪ. “ನಾಚಿಕಿ ಬರ್ತದೇನು ನಿನಗ?”

ರೋಹಿತನೂ ಅದೇ ರಕ್ತದವನು. “ಅಪ್ಪಾ, ಪ್ರಕಾಶ ಅನ್ನೋ ಹೆಸರು ನಾ ಹುಡುಕಿದ್ದಲ್ರಿ. ಹಳೇ ವಾಡೆದಾಗ ಇದ್ದಾಗ ಮಾಲಕಿ ಆಜಿ ನಿಮ್ಮನ್ನ ಹಂಗs ಕರೀತಿದ್ರು. ನೀವs ಹೇಳಿದ್ದಂತ.”

ಅಡುಗೆಮನೆಯಲ್ಲಿ ಹೆಂಡತಿ ಗ್ಯಾಸ್ ಆರಿಸಿದ ಸದ್ದು ಕೇಳಿಸಿತು. ಮಗನಿಗೆ ಹೇಳಿದವಳು ಅವಳೇ.

ಸುಳ್ಳಲ್ಲ. ಪುಣೆಗೆ ಬಂದ ಹೊಸದರಲ್ಲಿ ಬಾಡಿಗೆ ಕೋಣೆ ಕೇಳಲು ಹೋದ ನಾಲ್ಕು ವಾಡೆಗಳಲ್ಲಿ ಅವನ ಹೆಸರು ಕೇಳಿ ಖೋಲಿ ಖಾಲಿ ಇಲ್ಲ ಅಂದಿದ್ದರು. ಐದನೆಯ ಬಾಗಿಲಲ್ಲಿ ಅವನು ಪ್ರಕಾಶ ಎಂದ, ಖೋಲಿ ಸಿಕ್ಕಿತು. ಇಷ್ಟು ರೋಹಿತನಿಗೆ ಗೊತ್ತಿತ್ತು. ಮುಂದಿನದು ಹೆಂಡತಿಗೂ ಗೊತ್ತಿರಲಿಲ್ಲ. ಫಕೀರಪ್ಪ ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ, ಬೈಯುವ ದನಿಯಲ್ಲೇ ಹೇಳಿದ. ಯಾರನ್ನು ಬೈಯುತ್ತಿದ್ದಾನೆಂದು ಮಾತ್ರ ತಿಳಿಯುವಂತಿರಲಿಲ್ಲ.

ಅವನ ಮದುವೆಗೆ ಮೊದಲು ಒಮ್ಮೆ ಬಸವಣ್ಣೆವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಒಬ್ಬಳೇ ಬಂದಿದ್ದಳು. ವಾಡೆಯ ಬಾಗಿಲಲ್ಲಿ ನಿಂತು ಫಕೀರಪ್ಪನ ಮನೆ ಯಾವುದೆಂದು ಕೇಳಿದಳು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಳು ಮಾಲಕಿ. ಅವನು ಮಾಳಿಗೆಯ ಮೆಟ್ಟಿಲ ಮೇಲೇ ಇದ್ದ. ಕೇಳಿಸಿಕೊಂಡ. ಬಾಯಿ ಬಿಡಲಿಲ್ಲ. ಅವ್ವ ತಲೆಯೆತ್ತಿ ನೋಡಿದಳು. ಮಾಲಕಿಯೂ ನೋಡಿ, ಪ್ರಕಾಶ, ಈ ಹೆಂಗಸು ಯಾರು, ಗೊತ್ತೇನು ಎಂದಳು. ಅವ್ವನೇ ಹೇಳಿದಳು.

“ಹೌದ್ರಿ, ನಾ ಪ್ರಕಾಶನ ಅವ್ವ.”

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಳು. ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ತಮ್ಮಾ ಅಂದಳು, ಯಪ್ಪಾ ಅಂದಳು. ತಾನು ಬೇಡಿ ತಂದ ಹೆಸರನ್ನು ಮಾತ್ರ ಮತ್ತೆ ಎತ್ತಲಿಲ್ಲ.

“ಸಾಯೂಮುಂದರ ಕರೀತಾಳ ಅಂತ ಬಾಜೂಕ ಕುಂತಿದ್ದೆ,” ಎಂದ ಫಕೀರಪ್ಪ. “ಕರೀಲಿಲ್ಲ.”

ಮಾರ್ಕೆಟ್ಟಿನಲ್ಲಿ ಅವನು ಹೊಸಮನಿ ಶೇಟ್, ಸೊಸೈಟಿಯಲ್ಲಿ ರೋಹಿತನ ಪಪ್ಪಾ, ಮನೆಯಲ್ಲಿ ‘ಏನ್ರಿ’. ಆ ಹೆಸರನ್ನು ಕೂಗುವವರು ಈಗ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಅವನು ಕಟ್ಟು ಬಿಚ್ಚಿದ. ಜೇಬಿನ ಪೆನ್ನು ತೆಗೆದು ಮಗನ ಮುಂದೆ ಎಸೆದ.

“ಎಲ್ಲಾದ್ರಾಗೂ ಅವನ ಹೆಸರು ಹೊಡದು ನನ್ನ ಹೆಸರು ಬರಿ. ನಿನ್ನ ಕೈಯಾಗs ಬರೀಬೇಕು. ಬಾಯಿಲೆ ಅನಕೋಂತ ಬರಿ.”

ರೋಹಿತ ಪೆನ್ನು ಎತ್ತಿಕೊಂಡು ಮೊದಲ ಪತ್ರಿಕೆಯ ಮೇಲೆ ಬಾಗಿದ. ಗೀಟು ಹೊಡೆದ, ಬರೆದ. ತುಟಿ ಅಲುಗಿತು.

“ಕೇಳಸಲಿಲ್ಲ,” ಎಂದ ಫಕೀರಪ್ಪ.