ದೇವರ ಆಜ್ಞೆಯ ಕೆಳಗೆ ಸರ್ಕಾರದ ಸಾಲು

ಬೇಗೂರಿನ ವನಿತಾ ಗೋಡೆಬರಹದವಳು. ಅಪ್ಪ ಬೆಟ್ಟಯ್ಯನ ಕೈ ನಡುಗಲು ಶುರುವಾದಾಗ ಬ್ರಷ್ಷು ಅವಳ ಕೈಗೆ ಬಂತು. ಫ್ಲೆಕ್ಸ್ ಬಂದು ಅಂಗಡಿ ಬೋರ್ಡುಗಳೆಲ್ಲ ತಪ್ಪಿಹೋದರೂ ಸರ್ಕಾರದ ಗೋಡೆಗಳು ಉಳಿದುಕೊಂಡಿದ್ದವು. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ‘ಕಸ ಹಾಕಬಾರದು’, ‘ಮೂತ್ರ ಮಾಡಬಾರದು’ ಎಂದು ಹನ್ನೆರಡು ವರ್ಷ ಬರೆದೂ ಬರೆದೂ, ಕಣ್ಣು ಮುಚ್ಚಿಕೊಂಡೇ ಬರೆಯಬಲ್ಲೆ ಅನ್ನುವ ಜಂಬ ಅವಳಿಗೆ.

ಹೋದ ವರ್ಷ ಗುಂಡ್ಲುಪೇಟೆಯ ಆಚೆಗಿನ ಪುಟ್ಟ ಚರ್ಚಿನ ಪಾದ್ರಿ ಅವಳನ್ನು ಕರೆಸಿದರು. ಕೇರಳದಿಂದ ಬಂದು ಕನ್ನಡ ಕಲಿತವರು. ಕಾಂಪೌಂಡ್ ಗೋಡೆಯ ಮೇಲೆ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಬರೆಯಬೇಕಿತ್ತು. ಶನಿವಾರ ಸಂಜೆಯೊಳಗೆ, ಕೊನೆಯ ‘ನೆರೆಯವನ ಎತ್ತು ಮುಂತಾದವನ್ನು ಆಶಿಸಬಾರದು’ ಎಂಬುದೂ ಸೇರಿ, ಹತ್ತೂ ಮುಗಿದವು. ಕೆಳಗೆ ಗೇಣುದ್ದ ಜಾಗ ಮಿಕ್ಕಿತ್ತು, ಬಸ್ಸಿಗೆ ಹೊತ್ತಾಗಿತ್ತು. ಕೈ ತನ್ನ ಪಾಡಿಗೆ ಇನ್ನೊಂದು ಸಾಲು ಎಳೆಯಿತು. ಅವಳು ಡಬ್ಬಿ ಮುಚ್ಚಿ ಓಡಿದಳು.

ಭಾನುವಾರ ಬೆಳಿಗ್ಗೆ ಪಾದ್ರಿಯ ಫೋನು.

“ವನಿತಾ, ನಾನು ಕೊಟ್ಟದ್ದು ಎಷ್ಟು ಆಜ್ಞೆ?”

“ಅತ್ತು, ಫಾದರ್.”

“ಹಾಗಾದರೆ ಹನ್ನೊಂದನೆಯದು ಕೇಳು. ‘ತಪ್ಪಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು.’”

ವನಿತಾ ಬಿಳಿ ಬಣ್ಣದ ಡಬ್ಬಿ ಹಿಡಿದು ಸಿಕ್ಕಿದ ಬಸ್ಸು ಹತ್ತಿದಳು. ಬೈಗುಳಕ್ಕೆ ಸಿದ್ಧವಾಗಿ ಬಂದರೆ, ಪೂಜೆ ಮುಗಿಸಿದ ಜನ ಗೋಡೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ನಿಂತವನು ಒಬ್ಬನೇ: ಪಕ್ಕದ ಹೊಲದಲ್ಲಿ ಚೆಂಡು ಹೂವು ಬೆಳೆಯುವ ಶಿವಮಲ್ಲು. ಚರ್ಚಿಗೆ ಹೂ ಕೊಡಲು ಬಂದವನು ಗೋಡೆ ಓದಿ ಬೆವತುಹೋಗಿದ್ದ.

“ಇದ್ ಬರ್ದೋಳು ನೀನೇಯಾ? ಪಕ್ಕದೋನ ಎತ್ತಿನ್ ಮ್ಯಾಲೆ ಆಸೆ ಪಟ್ರೂ ಕೇಸಾ? ನಮ್ ಪಕ್ಕದೊಲದ ಮುದ್ದಯ್ಯನ ಅಳ್ಳಿಕಾರ್ ಎತ್ತಿನ್ ಜೋಡಿ ಮ್ಯಾಲೆ ನಂಗೆ ಮೂರೊರ್ಸದಿಂದ ಆಸೆ ಕಣಮ್ಮಿ! ಮುಟ್ಟಿಲ್ಲ, ಬರೀ ನೋಡಿವ್ನಿ!”

ಪಾದ್ರಿ ಕಣ್ಣೊರೆಸಿಕೊಂಡರು. “ಕದ್ದರೆ ಪೊಲೀಸರು ಬರ್ತಾರೆ, ಶಿವಮಲ್ಲು. ಕೊಲೆಗೆ, ಸುಳ್ಳು ಸಾಕ್ಷಿಗೆ ಕೋರ್ಟು ಉಂಟು. ಮನಸ್ಸಿನ ಆಸೆಯನ್ನು ಯಾವ ದೇಶದ ಕಾನೂನು ಹಿಡಿದೀತು? ಅದು ದೇವರ ಠಾಣೆಗೆ ಸೇರಿದ್ದು.”

“ಅಲ್ಲಿ ಜಾಮೀನು ಸಿಕ್ತದಾ, ಸಾಮಿ?”

ವನಿತಾ ಅಲ್ಲಿಯವರೆಗೆ ತಡೆದುಕೊಂಡಿದ್ದಳು. ಈಗ ನಕ್ಕೂ ನಕ್ಕೂ ಮಣ್ಣಿನ ಮೇಲೇ ಕುಕ್ಕರಿಸಿದಳು. ಸಾಲು ಅಳಿಸಲು ಬ್ರಷ್ಷು ಅದ್ದಿದರೆ ಪಾದ್ರಿ ಕೈ ಹಿಡಿದರು.

“ಇವತ್ತು ದೇವರ ದಿನ, ಕೆಲಸ ಮಾಡಬಾರದು. ಮೂರನೆಯದು ಓದು. ನೀನೇ ಬರೆದ ಪ್ರಕಾರ ನಿನ್ನ ಮೇಲೇ ಕ್ರಮ ಜರುಗಿಸಬೇಕಾಗ್ತದೆ!”

“ಅಂಗಾರೆ ಇವತ್ತು ಊಟ ಮಾಡ್ಬೋದಾ ಫಾದರ್?”

“ಅದಕ್ಕೆ ನಿಷೇಧವಿಲ್ಲ.”

ಆ ಮಧ್ಯಾಹ್ನ ಚರ್ಚಿನ ಜಗುಲಿಯಲ್ಲಿ ಅವಳೂ ಶಿವಮಲ್ಲುವೂ ಎಲ್ಲರ ಜೊತೆ ಕೂತು ಮೀನುಸಾರಿನಲ್ಲಿ ಉಂಡರು. ಒಬ್ಬರು ಸುಮ್ಮನಾದರೆ ಇನ್ನೊಬ್ಬರಿಗೆ ನಗು ಉಕ್ಕುತ್ತಿತ್ತು.

ಸೋಮವಾರ ಬಂದು ಆ ಸಾಲಿನ ಮೇಲೆ ಎರಡು ಸಲ ಬಿಳಿ ಬಳಿದಳು. ಆಗಲೇ ಗೋಡೆಯಾಚೆ ಗೆಜ್ಜೆ ಸದ್ದು. ಇಣುಕಿದರೆ ಶಿವಮಲ್ಲು ಉಳುತ್ತಿದ್ದಾನೆ, ನೇಗಿಲ ಮುಂದೆ ಮುದ್ದಯ್ಯನ ಎತ್ತುಗಳು! ಬದುವಿನ ಮೇಲೆ ಮುದ್ದಯ್ಯನೇ ಬೀಡಿ ಸೇದುತ್ತಾ ಕೂತಿದ್ದ.

“ಮೂರೊರ್ಸ ಬಾಯ್ ಬುಟ್ಟು ಕೇಳ್ನಿಲ್ಲ ಕಣವ್ವ ಈ ಬಡ್ಡೈದ! ಕೇಳಿದ್ರೆ ಕೊಡ್ತಿರ್ನಿಲ್ವಾ?” ಎಂದ ಮುದ್ದಯ್ಯ.

ಶಿವಮಲ್ಲು ಎತ್ತುಗಳ ಬಾಲ ಮುರಿಯುತ್ತಾ ಕೂಗಿದ: “ಕೇಸಿಲ್ಲ ಕಣಮ್ಮಿ, ಕೇಳ್ಕಂಡೇ ತಂದಿವ್ನಿ!”