ಓರೆ ತುದಿ ಮೇಲಕ್ಕೆ: ಸೇಕರ್ ಸಾರ್ ಕಲಿಸಿದ ಒಂದು ಇಂಗ್ಲಿಷ್ ಪದ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಇಂಗ್ಲಿಷ್ ಕಲಿಸಿದವರು ಅನೇಕರು. ಪದದ ಬೇರು ಹುಡುಕುತ್ತ ಮಕ್ಕಳನ್ನು ಲ್ಯಾಟಿನ್ನಿನವರೆಗೂ ಕೈಹಿಡಿದು ನಡೆಸಿದವರು ಶ್ರೀ ಸೇಕರ್ ಅವರೊಬ್ಬರೇ. ಚಿನ್ನಮನೂರಿನ ಜವಳಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿ, ಓಡೈಪಟ್ಟಿಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರ ವಿದ್ವತ್ತನ್ನು ಹೊಗಳಲು ಬೇಕಾದಷ್ಟು ಮಂದಿ ಇದ್ದಾರೆ. ಅವರ ತಪ್ಪನ್ನು ಹೊಗಳುವ ಹಕ್ಕು ಮಾತ್ರ ಶಿಷ್ಯೆ ಪೊನ್ನುತಾಯಿಯದು.

ಅದು ಸಾರ್ ಅವರ ಸೇವೆಯ ನಾಲ್ಕನೆಯ ವರ್ಷ. ದ್ರಾಕ್ಷಿ ತೋಟದವರ ಮಗಳು ಪೊನ್ನುತಾಯಿ ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿ, ಈ ಭಾಷೆ ತನ್ನ ತಲೆಗೆ ಹತ್ತುವುದಲ್ಲವೆಂದು ತೀರ್ಮಾನಿಸಿ, ಟಿ.ಸಿ.ಗೆ ಅರ್ಜಿ ಬರೆದು, ಅಪ್ಪನ ಸಹಿ ಹಾಕಿಸಿ ಚೀಲದಲ್ಲಿಟ್ಟುಕೊಂಡೇ ಬಂದಿದ್ದಳು. ಸಂಜೆ ಅದನ್ನು ಕೊಟ್ಟರೆ ಓದು ಮುಗಿದಂತೆ.

ಅಂದಿನ ಪಾಠದಲ್ಲಿ ಬಂದ ಪದ ‘ಪ್ರಾಪಗೇಟ್’. ಹರಡುವುದು, ಪ್ರಚಾರ ಮಾಡುವುದು ಎಂದು ಬರೆಸಿ ಸುಮ್ಮನಾದರೆ ಅವರು ಸೇಕರ್ ಸಾರ್ ಹೇಗಾದಾರು? ಲ್ಯಾಟಿನ್ನಿನ ‘ಪ್ರೊಪಾಗೊ’ ಎಂದರೆ ಹೊಸ ಗಿಡವಾಗಲೆಂದು ಮಣ್ಣಿಗೆ ಊರುವ ಬಳ್ಳಿಯ ತುಂಡು, ಪದ ಹುಟ್ಟಿದ್ದೇ ತೋಟದಲ್ಲಿ ಎಂದು ವಿವರಿಸಿ, ತರಿಸಿಟ್ಟಿದ್ದ ದ್ರಾಕ್ಷಿ ಕಡ್ಡಿಯೊಂದನ್ನು ಹಿಡಿದು ಇಡೀ ತರಗತಿಯನ್ನು ಅಂಗಳಕ್ಕೆ ಕರೆದೊಯ್ದರು. ಜವಳಿಯವರ ಮಗನಲ್ಲವೇ! ಓರೆಯಾಗಿ ಕೊಯ್ದ ಚೂಪು ತುದಿಯನ್ನೇ ಮಣ್ಣಿಗೆ ಚುಚ್ಚಿ ನೆಟ್ಟರು.

ಎರಡು ವರ್ಷದಿಂದ ಇಂಗ್ಲಿಷ್ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೆ ತಡೆಯಲಾಗಲಿಲ್ಲ. ‘ಸಾರ್, ತಲೆಕೆಳಗಾ ನೆಟ್ಟೀರಿ. ಬುಡ ನೇರಾ ಕೊಯ್ತೀವಿ, ತಲೆ ಓರೆ. ನೆಡೋರಿಗೆ ಗೊತ್ತಾಗ್ಲಿ ಅಂತ,’ ಎಂದಳು ಮನೆಮಾತಿನಲ್ಲಿ. ಮಕ್ಕಳು ಗೊಳ್ಳೆಂದು ನಕ್ಕರು. ಸಾರ್ ಗದರಲಿಲ್ಲ, ಕಡ್ಡಿ ಕಿತ್ತು ಅವಳ ಕೈಗೆ ಕೊಟ್ಟರು. ‘ನೀ ನೆಡಮ್ಮಾ, ನಾ ನೋಡಿ ಕಲ್ತ್ಕೊತೀನಿ,’ ಎಂದು ಮಕ್ಕಳ ಸಾಲಿನಲ್ಲೇ ಕುಕ್ಕರುಗಾಲಲ್ಲಿ ಕೂತರು.

ಹಟಮಾರಿ ಹುಡುಗಿ ಸಂಜೆ ಅರ್ಜಿಯನ್ನು ಸಾರ್ ಮುಂದೆ ಹಿಡಿದೇಬಿಟ್ಟಳು. ಅವರು ಓದಿ, ಮಡಿಸಿ, ಹಿಂದಕ್ಕೇ ಕೊಟ್ಟರು. ‘ಒಂದೇ ಪದ ಆಗೈತೆ, ಪುಸ್ತಕ ಪೂರ್ತಿ ಬಾಕಿ ಐತೆ. ನೀ ಹೋದ್ರೆ ನನ್ನ ತಿದ್ದೋರು ಯಾರು?’ ಪೊನ್ನುತಾಯಿಗೆ ಅಳು ಬಂತು. ಮರುದಿನ ಮುಂದಿನ ಬೆಂಚಿನಲ್ಲಿ ಕೂತಳು.

ಇಂದು ಅವಳು ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪ್ರಾಧ್ಯಾಪಕಿ. ವಿದ್ಯಾರ್ಥಿಗಳು ತನ್ನ ತಪ್ಪು ತೋರಿಸಿದಾಗ ಸಿಟ್ಟು ಬರುತ್ತದೆ, ನಿಜ. ನುಂಗಿಕೊಂಡು ಸೀಮೆಸುಣ್ಣ ಅವರ ಕೈಗಿತ್ತು ತಾನು ಬೆಂಚಿನಲ್ಲಿ ಕೂರುತ್ತಾಳೆ. ಇಷ್ಟನ್ನು ಕಲಿಸಿದ ಗುರುಗಳು ನೂರ್ಕಾಲ ಬಾಳಲಿ, ಪದಗಳ ಬೆನ್ನು ಹತ್ತುವ ಅವರ ಕಾಯಕ ನಿಲ್ಲದಿರಲಿ. ಎಲ್ಲಾದರೂ ಎಡವಿದರೆ ಒಂದು ಫೋನ್ ಮಾಡಲಿ. ಪೊನ್ನುತಾಯಿ ಮೊದಲ ಬಸ್ಸಿಗೇ ಬರುತ್ತಾಳೆ.